ಚಾಪೆಯ ಮೇಲೆ ತೆಗೆದ ಅಳತೆ

೧೯೭೯ರಲ್ಲಿ ನಾನು ಓದು ನಿಲ್ಲಿಸಿದೆ. ನಿಲ್ಲಿಸಿದೆ ಎನ್ನುವುದು ಮರ್ಯಾದೆಯ ಮಾತು. ಏಳನೆಯ ತರಗತಿಯ ಪರೀಕ್ಷೆಯಲ್ಲಿ ಫೇಲಾದೆ, ಮತ್ತೆ ಆ ಶಾಲೆಯ ಬಾಗಿಲಿಗೆ ಹೋಗಲಿಲ್ಲ. ನನ್ನ ಸೋದರಮಾವನಿಗೆ ಕಿನ್ನಿಗೋಳಿ ಪೇಟೆಯಲ್ಲಿ ಟೈಲರ್ ಅಂಗಡಿ ಇತ್ತು. ಅಪ್ಪ ನನ್ನನ್ನು ಆ ಅಂಗಡಿಯ ಮೆಟ್ಟಿಲ ಮೇಲೆ ನಿಲ್ಲಿಸಿ, "ಇವನ ತಲೆಗೆ ಅಕ್ಷರ ಹತ್ತುದಿಲ್ಲ ಭಾವ, ಕೈಗಾದ್ರೂ ಎಂತಾದ್ರೂ ಹತ್ತುತ್ತದಾ ನೋಡು" ಎಂದು ಹೇಳಿ ತಿರುಗಿ ನೋಡದೆ ಹೋದರು.

ಕೈಗೆ ಹತ್ತಿತು. ಗುಂಡಿ ಹಾಕುವುದು, ಅಂಚು ಮಡಚುವುದು, ಕಿಸೆ ಕೂರಿಸುವುದು, ಆಮೇಲೆ ಶಾಲೆಯ ಮಕ್ಕಳ ಯೂನಿಫಾರ್ಮು, ಆಮೇಲೆ ಪ್ಯಾಂಟು. ಇಪ್ಪತ್ತು ತುಂಬುವಾಗ ನಮ್ಮ ಕಡೆಯ ಮದುಮಕ್ಕಳು ಸಫಾರಿ ಸೂಟಿಗೆ ನನ್ನನ್ನೇ ಹುಡುಕಿಕೊಂಡು ಬರುತ್ತಿದ್ದರು. ಮಾವನಿಗೆ ಅದರಿಂದ ಸ್ವಲ್ಪ ಹೊಟ್ಟೆಯುರಿಯೂ ಇತ್ತು. ಜಂಬದಿಂದ ಹೇಳುತ್ತಿದ್ದೇನೆ ಅಂದುಕೊಂಡರೆ ಅಂದುಕೊಳ್ಳಿ. ನನ್ನ ಕಟಿಂಗ್ ಚೆನ್ನಾಗಿತ್ತು.

ಈಗ ಕೆಲಸ ಬಿಟ್ಟು ಒಮಾನಿನ ಮತ್ರಾದಲ್ಲಿ ಮಗಳ ಮನೆಯಲ್ಲಿದ್ದೇನೆ. ಒಮಾನಿನಲ್ಲಿ ಹೊಲಿಗೆ ಕೆಲಸಕ್ಕೆ ಬರಬೇಕೆನ್ನುವ ಊರಿನ ಹುಡುಗರು ಈಗಲೂ ಫೋನ್ ಮಾಡುತ್ತಾರೆ. "ಮಾಸ್ಟ್ರೇ, ರೂಮ್ ಉಂಟಾ? ಏಸಿ ಉಂಟಾ? ವರ್ಷಕ್ಕೊಮ್ಮೆ ಊರಿಗೆ ಬಿಡ್ತಾರಾ?" ಎಲ್ಲ ಕೇಳುತ್ತಾರೆ. ಕೆಲಸ ಎಂಥದ್ದು ಎಂದು ಮಾತ್ರ ಕೇಳುವುದಿಲ್ಲ. ಅವರು ಕೇಳದೆ ಬಿಟ್ಟದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ನಾನು ಒಮಾನಿನ ಇಬ್ರಾ ಎಂಬ ಊರಿಗೆ ಬಂದದ್ದು ೧೯೮೮ರಲ್ಲಿ. ಸೂಕಿನ, ಅಂದರೆ ಅಲ್ಲಿಯ ಪೇಟೆಯ, ಪಕ್ಕದ ಬೀದಿಯಲ್ಲಿ ನಾಸರ್ ಎಂಬವರ ಟೈಲರ್ ಅಂಗಡಿ. ಅವರೇ ನನ್ನ ಕಫೀಲ್, ಅಂದರೆ ನನ್ನ ವೀಸಾ ಅವರ ಹೆಸರಿನಲ್ಲಿ. ನಾವು ಅರ್ಬಾಬ್, ಅಂದರೆ ಯಜಮಾನ, ಎಂದು ಕರೆಯುತ್ತಿದ್ದೆವು. ಅಂಗಡಿಯಲ್ಲಿ ಹೊಲಿಯುತ್ತಿದ್ದುದು ಒಂದೇ ಬಟ್ಟೆ, ದಿಶ್‌ದಾಶ. ಒಮಾನಿ ಗಂಡಸರು ತೊಡುವ ಪಾದದವರೆಗಿನ ನಿಲುವಂಗಿ ಅದು. ಕಾಲರ್ ಇರುವುದಿಲ್ಲ. ಕೊರಳ ಹತ್ತಿರ ಒಂದು ನೂಲಿನ ಗೊಂಡೆ ತೂಗುತ್ತದೆ, ಅದನ್ನು ಅತ್ತರಿನಲ್ಲಿ ಅದ್ದುತ್ತಾರೆ.

ದಿಶ್‌ದಾಶ ಹೊಲಿಯುವ ಅಂಗಡಿಯಲ್ಲಿ ಮೆಷಿನ್ನಿನ ಮೇಲೆ ಎಷ್ಟು ಜನ ಕುಳಿತರೂ ಬಟ್ಟೆ ಕತ್ತರಿಸುವವನು ಒಬ್ಬನೇ. ಕತ್ತರಿ ಅವನದು. ಬೇರೆಯವರು ನೂಲು ತುಂಡರಿಸಲಿಕ್ಕೂ ಅದನ್ನು ಮುಟ್ಟುವ ಹಾಗಿಲ್ಲ. ನಮ್ಮಲ್ಲಿ ಆ ಕತ್ತರಿ ಪುತ್ತೂರು ಕಡೆಯ ಬ್ಯಾರಿ ಅಬ್ಬುಕಾಕನ ಕೈಯಲ್ಲಿತ್ತು. ಕಪ್ಪು ಹಿಡಿಯ ಭಾರೀ ಕಬ್ಬಿಣದ ಕತ್ತರಿ. ಮೇಜಿನ ಮೇಲೆ ಇಟ್ಟರೆ ಬೀದಿಯವರೆಗೆ ಸದ್ದು ಕೇಳುತ್ತಿತ್ತು.

ಅಬ್ಬುಕಾಕ ಮತ್ತು ನಾನು ಮಾತನಾಡುತ್ತಿದ್ದುದು ತುಳುವಿನಲ್ಲಿ. ಇಲ್ಲಿ ಕನ್ನಡದಲ್ಲಿ ಹಾಕುತ್ತಿದ್ದೇನೆ. ಮೊದಲ ವಾರವೇ ನಾನು ಹೇಳಿದೆ: "ಇದೆಂತ ಕಾಕ, ಎರಡು ತೋಳು ಇಟ್ಟ ಚೀಲ. ಇದನ್ನು ಕತ್ತರಿಸ್ಲಿಕ್ಕೆ ಮಾಸ್ಟರ್ ಯಾಕೆ?"

ಅವರು ತಲೆ ಎತ್ತಲಿಲ್ಲ. "ಚೀಲಕ್ಕೆ ಅಕ್ಕಿ ತುಂಬ್ಸುದು ಮಾರಾಯ. ಅಕ್ಕಿ ಏಳುದಿಲ್ಲ, ಕೂರುದಿಲ್ಲ. ನೀನು ಈಗ ಆ ಕೈ ಹೊಲಿ."

ಮಾತು ನನಗೆ ಆಗ ನಾಟಲಿಲ್ಲ. ಅವರು ಕತ್ತರಿಸಿ ಕೊಟ್ಟ ತುಂಡುಗಳಲ್ಲಿ ಕಂಕುಳಿನಲ್ಲಿ ಕೂರಿಸುವ ಅಂಗೈಯಷ್ಟು ಅಗಲದ ಒಂದು ಚೌಕ ಇರುತ್ತಿತ್ತು. ಎರಡೂ ಬದಿಗೆ ಸೊಂಟದಿಂದ ಕೆಳಗೆ ಅಗಲವಾಗುತ್ತ ಹೋಗುವ ಪಟ್ಟಿಗಳಿರುತ್ತಿದ್ದವು. ಅವೆಲ್ಲ ನನಗೆ ಬಟ್ಟೆ ದಂಡ ಮಾಡುವ ಹಳೆಯ ಕಾಲದ ಕ್ರಮವಾಗಿ ಕಂಡವು. ಇವರು ಪ್ಯಾಂಟ್ ಕಟಿಂಗ್ ಕಂಡವರಲ್ಲ, ಫಿಟ್ಟಿಂಗ್ ಎಂದರೆ ಏನೆಂದು ನಾನು ತೋರಿಸುತ್ತೇನೆ ಎಂದು ಮನಸ್ಸಿನಲ್ಲೇ ಇತ್ತು.

ತೋರಿಸುವ ಕಾಲ ಬಂತು. ಮಗಳ ಮದುವೆಗೆಂದು ಅಬ್ಬುಕಾಕ ಊರಿಗೆ ಹೊರಟರು. ಹೋಗುವಾಗ ಕತ್ತರಿಯನ್ನು ನನ್ನ ಮುಂದೆ ಇಟ್ಟು, "ಇದು ನಾನು ಬರುವವರೆಗೆ ನಿನ್ನ ಹತ್ರ ಇರ್ಲಿ. ನಾನು ಕತ್ತರಿಸಿದ ಹಾಗೆಯೇ ಕತ್ತರಿಸು. ಬುದ್ಧಿ ಉಪಯೋಗಿಸ್ಬೇಡ" ಎಂದರು.

ಅವರು ವಿಮಾನ ಹತ್ತಿದ ಮೇಲೆ ಬಂದ ದೊಡ್ಡ ಗಿರಾಕಿ ಹಮೂದ್. ಇಬ್ರಾದಲ್ಲಿ ಜಗಳ ಬಿಡಿಸಲು ಜನ ಹುಡುಕಿಕೊಂಡು ಹೋಗುವಂಥ ಹಿರಿಯರು. ಅವರ ಹಿರಿಯ ಮಗನ ಮದುವೆ. ಮದುಮಗ, ಅಣ್ಣತಮ್ಮಂದಿರು, ಚಿಕ್ಕಪ್ಪಂದಿರು, ಎಲ್ಲರಿಗೂ ಹೊಸ ದಿಶ್‌ದಾಶ ಬೇಕು. ಅರ್ಬಾಬ್ ಬಾಗಿಲವರೆಗೆ ಹೋಗಿ ಕೈಹಿಡಿದು ಕರೆತಂದರು.

ನಾನು ಒಬ್ಬೊಬ್ಬರನ್ನೇ ಕನ್ನಡಿಯ ಮುಂದೆ ನಿಲ್ಲಿಸಿದೆ. ಎದೆ, ಭುಜ, ಸೊಂಟ, ಉದ್ದ. ಊರಿನಲ್ಲಿ ಸಫಾರಿಗೆ ತೆಗೆಯುವ ಹಾಗೆ ಮೈಗೆ ಹತ್ತಿಸಿ ಅಳತೆ ತೆಗೆದೆ. ಕಂಕುಳಿನ ಚೌಕ ಬಿಟ್ಟೆ. ಬದಿಯ ಪಟ್ಟಿಗಳನ್ನು ಕಿರಿದು ಮಾಡಿದೆ. ಟ್ರಯಲ್ ಹಾಕಿಸಿದಾಗ ಹುಡುಗರು ಕನ್ನಡಿಯಲ್ಲಿ ಎಡಕ್ಕೂ ಬಲಕ್ಕೂ ತಿರುಗಿ ನೋಡಿಕೊಂಡರು. ಒಂದು ಸುಕ್ಕಿಲ್ಲ, ಒಂದು ಜೋತು ಇಲ್ಲ. "ಜೈನ್, ಜೈನ್" ಎಂದರು, ಚೆನ್ನಾಗಿದೆ ಎಂದು. ಹಮೂದ್ ಮಾತ್ರ ತೋಳು ಮುಂದೆ ಚಾಚಿ ನೋಡಿ, "ಇಲ್ಲಿ ಸ್ವಲ್ಪ ಹಿಡಿಯುತ್ತದಲ್ಲ?" ಎಂದು ಕೇಳಿದರು. ನಾನು, "ಹೊಸ ಬಟ್ಟೆ ಬಾಬಾ, ತೊಟ್ಟರೆ ಸಡಿಲ ಆಗ್ತದೆ" ಎಂದೆ. ಟೈಲರುಗಳು ಹೇಳುವ ಈ ಮಾತನ್ನು ಯಾರೂ ಕಲಿಯಬೇಡಿ.

ಮದುವೆಯ ಊಟಕ್ಕೆ ನಮ್ಮನ್ನೂ ಕರೆದಿದ್ದರು. ಮಧ್ಯಾಹ್ನ, ಖರ್ಜೂರದ ತೋಟದ ನೆರಳಿನಲ್ಲಿ ಉದ್ದಕ್ಕೆ ಚಾಪೆ ಹಾಸಿತ್ತು. ನನ್ನ ಬಟ್ಟೆ ತೊಟ್ಟು ಸಾಲಾಗಿ ನಿಂತ ಆ ಗಂಡಸರನ್ನು ನೋಡಿ ನನಗೆ ಎದೆ ಉಬ್ಬಿತು. ಮಾವ ಇದನ್ನು ನೋಡಬೇಕಿತ್ತು ಎಂದುಕೊಂಡೆ.

ಆಮೇಲೆ ಅನ್ನದ ಹರಿವಾಣಗಳು ಬಂದವು. ಎಲ್ಲರೂ ಕುಳಿತರು.

ಅಲ್ಲಿಯ ಗಂಡಸರು ನಮ್ಮ ಹಾಗೆ ಚಕ್ಕಂಬಟ್ಟೆ ಹಾಕುವುದು ಕಡಿಮೆ. ಒಂದು ಕಾಲು ಮಡಚಿ, ಇನ್ನೊಂದರ ಮೊಣಕಾಲು ಎತ್ತಿ ಹರಿವಾಣದ ಸುತ್ತ ಒತ್ತಾಗಿ ಕೂರುತ್ತಾರೆ. ಒಂದೇ ಹರಿವಾಣಕ್ಕೆ ಎಲ್ಲರ ಕೈ. ಮನೆಯ ಯಜಮಾನ ಮಾಂಸವನ್ನು ತನ್ನ ಕೈಯಿಂದ ಬಿಡಿಸಿ, ಒಳ್ಳೆಯ ತುಂಡನ್ನು ಅತಿಥಿಯ ಮುಂದೆ ಇಡಬೇಕು. ಹಮೂದ್ ಎದುರು ಕುಳಿತ ಬೀಗರಿಗೆ ಮಾಂಸ ಇಡಲು ಮುಂದೆ ಬಾಗಿ ಕೈ ಚಾಚಿದರು. ಪರ್ರೆಂದಿತು. ಕಂಕುಳಿನಿಂದ ಬೆನ್ನಿನವರೆಗೆ ಹೊಲಿಗೆ ಬಿಚ್ಚಿಹೋಯಿತು. ಆ ಕಡೆ ಒಬ್ಬ ಚಿಕ್ಕಪ್ಪನ ಬದಿ ಹರಿಯಿತು. ಮದುಮಗ ಕೂರಲು ಹೋಗಿ, ಬಟ್ಟೆ ಮೊಣಕಾಲಿಗೆ ಏರಿದ್ದನ್ನು ಕಂಡು ಎದ್ದು ನಿಂತ. ಊಟ ಮುಗಿಯುವವರೆಗೂ ಅವನು ನಿಂತೇ ಇದ್ದ. ತನ್ನ ಮದುವೆಯಲ್ಲಿ ಒಂದು ತುತ್ತು ತಿನ್ನಲಿಲ್ಲ.

ಯಾರೂ ನನಗೆ ಬೈಯಲಿಲ್ಲ. ಹಮೂದ್ ಹೆಗಲ ಮೇಲೆ ಒಂದು ಶಾಲು ಎಳೆದುಕೊಂಡು ಬಡಿಸುವುದನ್ನು ಮುಂದುವರಿಸಿದರು. ದೂರದ ಹರಿವಾಣದ ಬಳಿ ಕುಳಿತಿದ್ದ ನನ್ನ ಕಡೆ ಒಮ್ಮೆ ನೋಡಿದರು, ಅಷ್ಟೆ. ನನ್ನ ಕೈಯಲ್ಲಿದ್ದ ಅನ್ನ ಕೈಯಲ್ಲೇ ಉಳಿಯಿತು.

ಬೈಯುವ ಕೆಲಸ ಮರುದಿನ ಅರ್ಬಾಬ್ ಮಾಡಿದರು. "ಖಲಾಸ್. ನಿನ್ನ ಟಿಕೆಟ್ ಮಾಡಿಸುತ್ತೇನೆ." ಅಷ್ಟರಲ್ಲಿ ಅಬ್ಬುಕಾಕ ವಾಪಸಾದರು. ವಿಷಯ ಕೇಳಿ ಮೊದಲು ಕತ್ತರಿ ತೆಗೆದುಕೊಂಡು ತಮ್ಮ ಮೇಜಿನ ಮೇಲೆ ಇಟ್ಟರು. ಆಮೇಲೆ ಅರ್ಬಾಬನ ಹತ್ತಿರ ಹೋಗಿ, "ಇವನನ್ನು ಕಳಿಸಿದರೆ ಇಲ್ಲಿ ಕಲಿತದ್ದು ಊರಿಗೆ ಹೋಗ್ತದೆ. ನಷ್ಟ ನಮ್ಮದು. ಇರಲಿ, ಕತ್ತರಿ ಮಾತ್ರ ಕೊಡುವುದಿಲ್ಲ" ಎಂದರು. ಅರ್ಬಾಬ್ ಒಪ್ಪಿದರು.

ನನ್ನ ಸ್ಥಿತಿ ಯೋಚಿಸಿ. ಶಾಲೆಯಲ್ಲಿ ಒಮ್ಮೆ ಫೇಲಾದವನು. ಇಲ್ಲಿಂದಲೂ ಹೋದರೆ ಕಿನ್ನಿಗೋಳಿ ಪೇಟೆಯಲ್ಲಿ ಎರಡನೆಯ ಸಲ ಫೇಲಾದವನು. ಇದ್ದರೆ ಗೊಂಡೆ ಕಟ್ಟುವ, ಅಂಚು ಮಡಚುವ ಕೆಲಸ. ಊರಿನಲ್ಲಿ ಬಟ್ಟೆ ಕತ್ತರಿಸಿಯೇ ಹೆಸರು ಮಾಡಿ ಬಂದವನಿಗೆ ಕತ್ತರಿ ಮತ್ತೆ ಸಿಕ್ಕೀತೇ ಎಂಬುದೊಂದೇ ಪ್ರಶ್ನೆ. ಅಂದಿನಿಂದ ನಾನು ಬದುಕಿದ್ದು ಅದಕ್ಕಾಗಿ ಎಂದರೆ ಹೆಚ್ಚಾಗಲಾರದು.

ಆ ಮದುವೆಯ ದಿಶ್‌ದಾಶಗಳೆಲ್ಲ ವಾಪಸು ಬಂದವು. ಅಬ್ಬುಕಾಕ ಅವನ್ನು ನನ್ನ ಮಡಿಲಿಗೆ ಹಾಕಿದರು.

"ಬಿಚ್ಚು. ಎಲ್ಲ ಹೊಲಿಗೆ ಬಿಚ್ಚು."

"ಬಿಚ್ಚಿ ಎಂತ ಮಾಡುದು ಕಾಕ? ಬಟ್ಟೆ ಹೋಯ್ತಲ್ಲ."

"ಬಟ್ಟೆ ಹೋಗ್ಲಿ. ನೀನು ಓದ್ಲಿಕ್ಕೆ ಬಾರದವ ಅಂತಲ್ಲ? ಇದನ್ನು ಓದು."

ಮುನಿಸಿನಿಂದಲೇ ಬಿಚ್ಚತೊಡಗಿದೆ. ಎರಡನೆಯದೋ ಮೂರನೆಯದೋ ಬಿಚ್ಚುವಾಗ ಕೈ ನಿಂತಿತು. ಹೊಲಿಗೆಯ ತೂತುಗಳು ಎದೆಯಲ್ಲಿ ಸೂಜಿಯ ಮೊನೆಯಷ್ಟೇ ಇದ್ದವು. ಕಂಕುಳಿನಲ್ಲಿ ಸಾಸಿವೆ ಕಾಳಿನಷ್ಟು ಹಿಗ್ಗಿದ್ದವು. ಬೆನ್ನಿನ ಮೇಲ್ಭಾಗದಲ್ಲಿ, ಸೊಂಟದ ಕೆಳಗೆ ಹಿಂಬದಿಯಲ್ಲಿ ಕೂಡ ಹಾಗೆಯೇ. ಹರಿಯದ ಬಟ್ಟೆಗಳಲ್ಲಿಯೂ ಅದೇ ಜಾಗ. ನಾನು ಅಷ್ಟು ಜತನದಿಂದ ಟೇಪು ಹಿಡಿದ ಎದೆ ಸೊಂಟಗಳಿಗೆ ಏನೂ ಆಗಿರಲಿಲ್ಲ. ಟೇಪು ಮುಟ್ಟದೇ ಹೋದ ಕಡೆಯಲ್ಲೆಲ್ಲ ಬಟ್ಟೆ ಅತ್ತಿತ್ತು.

ಆ ದಿನದಿಂದ ನಾನು ಮನುಷ್ಯರನ್ನು ನೋಡುವ ರೀತಿ ಬದಲಾಯಿತು. ಶುಕ್ರವಾರ ರಜೆ. ಬೇರೆಯವರು ಇಸ್ಪೀಟು ಆಡುವಾಗ ನಾನು ಸೂಕಿನ ಚಹಾದಂಗಡಿಯಲ್ಲಿ ಕೂರುತ್ತಿದ್ದೆ. ಮುದುಕರು ಹೇಗೆ ಏಳುತ್ತಾರೆ, ಆಡು ಕೊಂಡವನು ಅದನ್ನು ಪಿಕಪ್ಪಿಗೆ ಹೇಗೆ ಎತ್ತಿ ಹಾಕುತ್ತಾನೆ, ಸ್ಟಿಯರಿಂಗ್ ತಿರುಗಿಸುವಾಗ ಯಾವ ಭುಜ ಮೇಲೇಳುತ್ತದೆ. ಚಹಾದಂಗಡಿಯ ಕಣ್ಣೂರಿನವನು, "ನೀನು ಪೊಲೀಸಾ?" ಎಂದು ಕೇಳಿದ. ಒಂದು ಸಂಶಯ ಉಳಿದಿತ್ತು. ಅದನ್ನು ಅಬ್ಬುಕಾಕನಲ್ಲೇ ಕೇಳಬೇಕಿತ್ತು.

"ಕಾಕ, ನೀವು ನಮಾಜು ಮಾಡುವಾಗ ನಾನು ಹಿಂದಿನಿಂದ ನೋಡ್ಬಹುದಾ? ಬಟ್ಟೆ ಮಾತ್ರ."

ಅವರು ಕನ್ನಡಕದ ಮೇಲಿನಿಂದ ನೋಡಿದರು. "ನಲ್ವತ್ತು ವರ್ಷದಿಂದ ದೇವರು ನೋಡ್ತಾ ಉಂಟು. ನೀನೂ ನೋಡು. ಅವನ ಹಾಗೆ ಸುಮ್ಮನೆ ಇರ್ಬೇಕು, ಅಷ್ಟೆ."

ನೋಡಿದೆ. ಅವರು ಬಾಗಿದಾಗ, ಹಣೆ ನೆಲಕ್ಕೆ ಮುಟ್ಟಿಸಿದಾಗ, ಮತ್ತೆ ಮಂಡಿಯ ಮೇಲೆ ಕುಳಿತಾಗ, ನಾನು ದಂಡವೆಂದು ಬಿಟ್ಟುಬಿಟ್ಟಿದ್ದ ಆ ಚೌಕ ಕಂಕುಳಿನಲ್ಲಿ ಕೊಡೆಯ ಹಾಗೆ ಬಿಚ್ಚಿಕೊಂಡು ಮಡಚಿಕೊಂಡಿತು. ಬದಿಯ ಪಟ್ಟಿಗಳು ಮೊಣಕಾಲಿನ ಸುತ್ತ ಹರಡಿ ಪಾದ ಮುಚ್ಚಿದವು. ನಿಂತಾಗ ಜೋತುಬಿದ್ದಂತೆ ಕಾಣುತ್ತಿದ್ದ ಬಟ್ಟೆಗೆ ಕುಳಿತಾಗ ಒಂದು ಗಾಂಭೀರ್ಯ ಬರುತ್ತಿತ್ತು. ನನ್ನ ಬಟ್ಟೆಗಳು ಚೆನ್ನಾಗಿ ಕಂಡದ್ದು ಕನ್ನಡಿಯ ಮುಂದೆ ಮಾತ್ರ. ಕನ್ನಡಿಯ ಮುಂದೆ ಮನುಷ್ಯ ಬದುಕುವುದು ಎಷ್ಟು ಹೊತ್ತು?

ಎರಡು ವರ್ಷ ಕಳೆಯಿತು. ಅಬ್ಬುಕಾಕನ ಕಣ್ಣಿಗೆ ಪೊರೆ ಬಂದು ಬಿಳಿ ಬಟ್ಟೆಯ ಮೇಲೆ ಗೆರೆ ಕಾಣದಂತಾಗಿತ್ತು. ಅವರು ಅದನ್ನು ಯಾರಿಗೂ ಹೇಳಿರಲಿಲ್ಲ, ನಾನು ಕೇಳಿರಲಿಲ್ಲ. ಒಂದು ಬೆಳಿಗ್ಗೆ ಅಂಗಡಿಯ ಬಾಗಿಲಲ್ಲಿ ಹಮೂದ್ ನಿಂತಿದ್ದರು. ಎರಡನೆಯ ಮಗನ ಮದುವೆ.

ಅರ್ಬಾಬ್ ಅಬ್ಬುಕಾಕನನ್ನು ಕರೆದರು. ಅಬ್ಬುಕಾಕ ಎದ್ದು ಬಂದು, ಕತ್ತರಿಯನ್ನು ನನ್ನ ಮುಂದೆ ಇಟ್ಟರು. ಅದೇ ಸದ್ದು.

"ಇವನಾ?" ಎಂದರು ಅರ್ಬಾಬ್.

"ಇವನೇ. ನನಗಿಂತ ಚೆನ್ನಾಗಿ ಗೊತ್ತುಂಟು ಅವನಿಗೆ. ಬಟ್ಟೆ ಹರಿಯುವುದನ್ನು ನಾನು ನೋಡ್ಲಿಲ್ಲ, ಅವನು ನೋಡಿದ್ದಾನೆ."

ಹಮೂದ್ ನಡೆದು ಹೋಗಿ ಅಭ್ಯಾಸದಂತೆ ಕನ್ನಡಿಯ ಮುಂದೆ ನಿಂತರು. ನಾನು ಒಳಗಿನಿಂದ ನಾವು ಊಟಕ್ಕೆ ಕೂರುವ ಚಾಪೆ ತಂದು ನಡು ಅಂಗಡಿಯಲ್ಲಿ ಹಾಸಿದೆ. "ಬಾಬಾ, ಇಲ್ಲಿ ಕುಳಿತುಕೊಳ್ಳಿ."

ಅರ್ಬಾಬ್ ನಕ್ಕರು. "ಅಳತೆಗೆ ಕೂರುವುದೇ? ಚಹಾ ಕೂಡ ಕೊಡುತ್ತೀಯಾ?"

"ಚಹಾ ಆಮೇಲೆ ಅರ್ಬಾಬ್. ಮೊದಲು ಊಟ."

ಹಮೂದ್ ನನ್ನ ಮುಖ ನೋಡಿದರು. ಆಮೇಲೆ ಮೆಲ್ಲನೆ ಕುಳಿತು, ನಾನು ಕೇಳದೆಯೇ ಒಂದು ಮೊಣಕಾಲು ಎತ್ತಿದರು. ಅವರಿಗೆ ಅರ್ಥವಾಗಿತ್ತು. ನಾನು ಎದುರು ಕುಳಿತೆ. "ಹರಿವಾಣ ಇಲ್ಲಿದೆ ಅಂದುಕೊಳ್ಳಿ. ನಾನು ನಿಮ್ಮ ಬೀಗ. ನನಗೆ ಮಾಂಸ ಕೊಡಿ." ಅವರು ಬಾಗಿ ಕೈ ಚಾಚಿದರು. ನಾನು ಆ ಬಾಗಿದ ಬೆನ್ನಿಗೆ ಟೇಪು ಹಿಡಿದೆ, ಚಾಚಿದ ತೋಳಿಗೆ ಹಿಡಿದೆ, ಮೊಣಕಾಲಿನಿಂದ ನೆಲಕ್ಕೆ ಹಿಡಿದೆ. ನಿಂತ ಅಳತೆಗೂ ಕುಳಿತ ಅಳತೆಗೂ ನಡುವೆ ಒಂದು ಗೇಣು ವ್ಯತ್ಯಾಸ ಬಂತು. ಆ ಮನೆಯ ಗಂಡಸರನ್ನೆಲ್ಲ ಹಾಗೆಯೇ ಕೂರಿಸಿ ಅಳೆದೆ. ಹುಡುಗರಿಗೆ ಅದೊಂದು ಆಟ. "ನನಗೂ ಮಾಂಸ ಬೇಕು ಮಾಸ್ಟರ್" ಎಂದು ನಗುತ್ತಿದ್ದರು.

ಅಬ್ಬುಕಾಕನ ಚೌಕ ಇಟ್ಟೆ. ಆದರೆ ಸುಮ್ಮನೆ ನಕಲು ಮಾಡಲಿಲ್ಲ. ಬೆನ್ನಿಗೆ ಬೇಕಾದ ಗೇಣನ್ನು ಭುಜದ ಕೆಳಗೆ ಅಡಗಿಸಿ ಇಟ್ಟೆ, ನಿಂತಾಗ ಜೋತು ಕಾಣದಂತೆ. ಸಫಾರಿಯ ಫಿಟ್ಟಿಂಗ್ ಕಲಿತ ಕೈ ಅಲ್ಲಿ ಕೆಲಸಕ್ಕೆ ಬಂತು. ಅಬ್ಬುಕಾಕ ಬೆರಳಿನಿಂದ ತಡವಿ ನೋಡಿ, "ಇದೆಲ್ಲಿ ಕಲಿತೆ?" ಎಂದರು. "ಕಿನ್ನಿಗೋಳಿಯಲ್ಲಿ" ಎಂದೆ. "ಹಾಂ, ಬುದ್ಧಿ ಉಪಯೋಗಿಸಿದ್ದಿ" ಎಂದರು. ಆ ಮನುಷ್ಯನಿಂದ ಬಂದ ಅತಿ ದೊಡ್ಡ ಬಿರುದು ಅದು.

ಮದುವೆಯ ದಿನ ಅದೇ ತೋಟ, ಅದೇ ಚಾಪೆ. ಹರಿವಾಣಗಳು ಬಂದಾಗ ನಾನು ಕಣ್ಣು ಮುಚ್ಚಿಕೊಂಡೆ. ಎಲ್ಲರೂ ಕುಳಿತರು. ಸದ್ದಿಲ್ಲ. ಹಮೂದ್ ಬಾಗಿದರು, ಬೀಗರಿಗೆ ಇಟ್ಟರು. ಮದುಮಗ ಹೊಟ್ಟೆ ತುಂಬ ತಿಂದ. ಆಮೇಲೆ ಹಮೂದ್ ನನ್ನನ್ನು ಹೆಸರು ಹಿಡಿದು ಕರೆದು, ತಮ್ಮ ಹರಿವಾಣದ ಬಳಿ ಜಾಗ ಬಿಡಿಸಿದರು. "ತಫದ್ದಲ್", ತೆಗೆದುಕೋ, ಎಂದು ಬಾಗಿ, ತೋಳನ್ನು ಬೇಕೆಂದೇ ಉದ್ದಕ್ಕೆ ಚಾಚಿ, ಬಿಡಿಸಿದ ಮಾಂಸವನ್ನು ನನ್ನ ಮುಂದೆ ಇಟ್ಟರು. ಪಕ್ಕದವರಿಗೆ ತಮ್ಮ ಕಂಕುಳು ತೋರಿಸಿ ಏನೋ ಹೇಳಿದರು. ಎಲ್ಲರೂ ಜೋರಾಗಿ ನಕ್ಕರು. ನಾನೂ ನಕ್ಕೆ. ಈ ಸಲ ಅನ್ನ ಗಂಟಲಿನಲ್ಲಿ ಇಳಿಯಿತು.

ಕತ್ತರಿ ಮತ್ತೆ ನನ್ನ ಕೈಯಿಂದ ಹೋಗಲಿಲ್ಲ. ಅಬ್ಬುಕಾಕ ಊರಿಗೆ ಖಾಯಮ್ಮಾಗಿ ಹೊರಟಾಗ ಅದನ್ನು ತಮ್ಮ ಪೆಟ್ಟಿಗೆಗೆ ಹಾಕಿಕೊಳ್ಳಲಿಲ್ಲ. "ಊರಲ್ಲಿ ಇದರಿಂದ ನಾನು ಎಂತ ಕತ್ತರಿಸುದು, ಬಸಳೆಯಾ?" ಎಂದರು.

ಅಷ್ಟಾದ ಮೇಲೆ ತಪ್ಪು ಮಾಡಲೇ ಇಲ್ಲ ಎಂದುಕೊಳ್ಳಬೇಡಿ. ಒಮಾನಿನ ದಕ್ಷಿಣ ತುದಿಯ ಸಲಾಲಾದ ಒಬ್ಬ ವ್ಯಾಪಾರಿಗೆ ಹತ್ತಿ ಬಟ್ಟೆಯಲ್ಲಿ ಹೊಲಿದು ಕಳಿಸಿದೆ. ಇಬ್ರಾದ ಒಣ ಹವೆಯಲ್ಲಿ ಕೆಲಸ ಮಾಡಿ ಅಭ್ಯಾಸ, ಬಟ್ಟೆಯನ್ನು ಮೊದಲು ನೀರಿನಲ್ಲಿ ನೆನೆಸಲಿಲ್ಲ. ಅಲ್ಲಿ ಮಳೆಗಾಲದ ಜಿಟಿಜಿಟಿ ಹನಿ. ವಾರದೊಳಗೆ ಅಂಚು ಮೇಲಕ್ಕೆ ಹೋಯಿತು. ಫೋನ್ ಬಂತು: "ಮಾಸ್ಟರ್, ನನ್ನ ದಿಶ್‌ದಾಶ ನನ್ನ ಮಗನಿಗೆ ಸರಿಯಾಗಿದೆ." ಮುಂಚಿನ ನಾನಾಗಿದ್ದರೆ ಬಟ್ಟೆಯ ಮೇಲೆ, ಗಿರಾಕಿಯ ಮೇಲೆ ಹಾಕುತ್ತಿದ್ದೆ. ಈ ಸಲ ನೆನೆಸಿ ಒಣಗಿಸಿದ ಬಟ್ಟೆಯ ಥಾನು ಹೊತ್ತು ಬಸ್ಸು ಹತ್ತಿದೆ. ಅವರ ಮನೆಯ ಜಗಲಿಯಲ್ಲಿ ಚಾಪೆ ಹಾಸಿ ಹೊಸದಾಗಿ ಅಳತೆ ತೆಗೆದೆ. ಅಕ್ಕಪಕ್ಕದವರು ನೋಡಲು ಬಂದರು. ನೋಡಿದವರೂ ಚಾಪೆಯ ಮೇಲೆ ಕುಳಿತರು. ಸಲಾಲಾದಲ್ಲಿ ನಮ್ಮ ಎರಡನೆಯ ಅಂಗಡಿ ಹುಟ್ಟಿದ್ದು ಆ ಕುಗ್ಗಿದ ದಿಶ್‌ದಾಶದಿಂದ.

ಕ್ರಮಗಳೆಲ್ಲ ಬದಲಾದವು. ಕಾಲಿನಿಂದ ತುಳಿಯುವ ಮೆಷಿನ್ ಹೋಗಿ ಕರೆಂಟಿನದು ಬಂತು, ಕೊರಳಿನ ಕಸೂತಿಗೆ ಕಂಪ್ಯೂಟರ್ ಬಂತು. ಈಗ ಅಳತೆ ವಾಟ್ಸಾಪಿನಲ್ಲಿ ಬರುತ್ತದೆ. ನಾನು ಬೇಡ ಅನ್ನುತ್ತಿರಲಿಲ್ಲ. "ಕುಳಿತ ಒಂದು ಫೋಟೋ ಕೂಡ ಕಳಿಸಿ" ಎನ್ನುತ್ತಿದ್ದೆ. ಕಳೆದ ವರ್ಷ, ನಾನು ಕೆಲಸ ಬಿಡುವ ಮೊದಲು, ಹಮೂದರ ಮೊಮ್ಮಗ ಬಂದ. ಮೊದಲ ಮದುವೆಯಲ್ಲಿ ಉಪವಾಸ ನಿಂತವನ ಮಗ.

"ಮಾಸ್ಟರ್, ನನಗೆ ಸ್ಲಿಮ್ ಫಿಟ್ ಬೇಕು. ಕನ್ನಡಿಯಲ್ಲಿ ಚೆನ್ನಾಗಿ ಕಾಣಬೇಕು."

"ಕೊಡ್ತೇನೆ. ಮೊದಲು ಕುಳಿತು ಮಾಂಸ ಕೊಡು."

ಅವನು ನಗುತ್ತ ಚಾಪೆಯ ಮೇಲೆ ಕುಳಿತ. "ಅಪ್ಪ ಹೇಳಿದ್ದರು, ನೀವು ಹೀಗೆಯೇ ಹೇಳುತ್ತೀರಿ ಎಂದು." ಸ್ಲಿಮ್ ಆಗಿಯೂ ಕಾಣುವ, ಕೂರಲೂ ಬರುವ ದಿಶ್‌ದಾಶ ಹೊಲಿದು ಕೊಟ್ಟೆ. ಅದು ನಾನು ಕತ್ತರಿಸಿದ ಕೊನೆಯ ಬಟ್ಟೆ.

ಹುಡುಗರೇ, ನಿಮ್ಮ ಬಟ್ಟೆ ಹರಿಯುತ್ತದೆ, ಕತ್ತರಿ ಕಸಿದುಕೊಳ್ಳುತ್ತಾರೆ. ಆಗ ರೂಮಿಗೆ ಹೋಗಿ ಮಲಗಬೇಡಿ. ಹರಿದದ್ದನ್ನು ಬೇಡಿ ತೆಗೆದುಕೊಳ್ಳಿ, ಬಿಚ್ಚಿ ನೋಡಿ. ನಿಮ್ಮ ಮಾಸ್ಟರ್ ಹೇಳದೆ ಬಿಟ್ಟದ್ದು ಅದರಲ್ಲಿ ಇರುತ್ತದೆ.

ಈಗ ನನ್ನ ಹತ್ತಿರ ಇರುವುದು: ಅಂಗಡಿ ಎರಡು, ನಾಸರ್ ಅರ್ಬಾಬರ ಮಗನ ಪಾಲುದಾರಿಕೆಯಲ್ಲಿ. ಬೋರ್ಡಿನಲ್ಲಿ ಏನೇ ಬರೆದಿದ್ದರೂ ಇಬ್ರಾದ ಜನ ಅಲ್ಲಿಯದನ್ನು ಚಾಪೆಯ ಅಂಗಡಿ ಎಂದೇ ಕರೆಯುತ್ತಾರೆ. ಡಿಗ್ರಿ ಮುಗಿಸಿ ಇಲ್ಲಿ ಕೆಲಸ ಮಾಡುವ ಮಗಳು ಒಬ್ಬಳು. ನಾನು ಕನ್ನಡದಲ್ಲಿ ಕೇಳಿದರೆ ಇಂಗ್ಲಿಷಿನಲ್ಲಿ ಉತ್ತರಿಸುವ ಮೊಮ್ಮಗ ಒಬ್ಬ. ಕೂತರೆ ಏಳಲು ಒಪ್ಪದ ಮೊಣಕಾಲು ಎರಡು. ಕತ್ತರಿ ಹಿಡಿಯಬಲ್ಲ ಶಿಷ್ಯರು ಏಳು ಮಂದಿ. ಅವರಲ್ಲಿ ನಾನೇ ಒಮ್ಮೆ ಕತ್ತರಿ ಕಸಿದುಕೊಂಡದ್ದು ನಾಲ್ವರಿಂದ, ತಿರುಗಿ ಕೊಟ್ಟದ್ದೂ ನಾಲ್ವರಿಗೆ. ಏಳನೆಯ ತರಗತಿಯ ಸರ್ಟಿಫಿಕೇಟು ಇಲ್ಲ. ಅಬ್ಬುಕಾಕನ ಕತ್ತರಿ ಒಂದು, ಇನ್ನೂ ಹರಿತವಾಗಿದೆ.